ಕೆಂಪು ನೀರಿನ ಬಾಟ್ಲು

ನಮ್ಮ ಮನೆಯ ಅಟ್ಟದ ಮೇಲೆ, ಕೊಬ್ಬರಿಗೆಂದು ಹಾಕಿದ ಕಾಯಿಗಳ ಪಕ್ಕದಲ್ಲಿ, ಒಂದು ಗಾಜಿನ ಬಾಟ್ಲು ಬಹಳ ವರ್ಷ ಬಿದ್ದಿತ್ತು. ಅದರ ಮೈಗೆ ಗರಗಸದ ಹಲ್ಲಿನಂತೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿತ್ತು. ಒಂದು ಹಲ್ಲಿನಷ್ಟು ಇಳಿದರೆ ಒಂದು ಹೊತ್ತಿನ ಔಷಧ ಎಂದು ಲೆಕ್ಕ. ‘ಕೆಮ್ಮು ಅಂತ ಹೋದ್ರೆ, ಬಾಟ್ಲು ತಂದಿದೀಯೇನಮ್ಮ ಅನ್ನೋನು ಕಾಂಪೌಂಡ್ರು. ಕೆಂಪು ನೀರು ಹುಯ್ದು ಕಳ್ಸೋನು. ಅಷ್ಟೇ ಕಣಪ್ಪ’ ಎನ್ನುತ್ತಿದ್ದಳು ಅಜ್ಜಿ. ಅದು ಅವಳ ಅಣ್ಣನ ಬಾಟ್ಲು. ಎರಡು ಮಳೆಗಾಲ ಕೆಮ್ಮಿದ ಅವನು ಮೂರನೆಯದನ್ನು ಕಾಣಲಿಲ್ಲ.

ಈ ಬಾಟ್ಲಿಗೂ ವಿಜ್ಞಾನದ ಚರಿತ್ರೆಯಲ್ಲೊಂದು ಜಾಗವಿದೆ ಎಂದು ನನಗೆ ಗೊತ್ತಾದದ್ದು ಅಕಸ್ಮಾತ್ತಾಗಿ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಹಳ್ಳಿಗಳಲ್ಲಿ ಕ್ಷಯ ಎಷ್ಟಿದೆ ಎಂದು ಎಣಿಸಲು ಅದು ಮೊದಲಿಗೆ ಹೊರಟದ್ದು ನಮ್ಮ ತುಮಕೂರು ಜಿಲ್ಲೆಗೆ, 1960–61ರಲ್ಲಿ. ಊರುಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಮನೆಮನೆಯ ತಲೆ ಎಣಿಸಿ, ತೋಳಿಗೆ ಟ್ಯುಬರ್‌ಕ್ಯುಲಿನ್ ಚುಚ್ಚಿ, ಎದೆಯ ಎಕ್ಸ್‌ರೇ ತೆಗೆದರು. ಎದೆಯಲ್ಲಿ ನೆರಳು ಕಂಡವರ ಕಫ ಪರೀಕ್ಷಿಸಿದರು. ಸಾವಿರ ಜನರಲ್ಲಿ ಸುಮಾರು ನಾಲ್ವರ ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸಿಕ್ಕಿತು.

ಇಷ್ಟಕ್ಕೇ ನಿಂತಿದ್ದರೆ ಅದು ಕಡತವಾಗಿ ಮೂಲೆ ಸೇರುತ್ತಿತ್ತು. ಆದರೆ ಸಂಸ್ಥೆಯಲ್ಲಿ ದೇಬಬರ್ ಬ್ಯಾನರ್ಜಿ ಎಂಬ ವೈದ್ಯರಿದ್ದರು, ಸಮಾಜಶಾಸ್ತ್ರದ ಕಡೆ ಹೊರಳಿದವರು. ಸಹೋದ್ಯೋಗಿ ಸ್ಟಿಗ್ ಆಂಡರ್ಸನ್ ಜೊತೆ ಸೇರಿ ಅವರು ಸಿಕ್ಕಿಬಿದ್ದ ರೋಗಿಗಳ ಬಗ್ಗೆ ಬೇರೊಂದು ವಿಚಾರಣೆ ನಡೆಸಿದರು. ನಿಮಗೆ ಕೆಮ್ಮಿತ್ತೆ? ಗೊತ್ತಿತ್ತೆ? ಗೊತ್ತಿದ್ದೂ ಏನು ಮಾಡಿದಿರಿ? ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಪೇಟೆಯವರ ನಂಬಿಕೆಯಾಗಿತ್ತು. 1963ರಲ್ಲಿ ಅಚ್ಚಾದ ಉತ್ತರ ಅದನ್ನು ತಲೆಕೆಳಗು ಮಾಡಿತು. ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ಕಾಯಿಲೆಯ ಲಕ್ಷಣ ಗೊತ್ತಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿಂದ ಅವರು ತಂದದ್ದು ಕೆಮ್ಮಿನ ಔಷಧಿಯ ಬಾಟ್ಲು. ಈ ಉತ್ತರ ಅಚ್ಚಾಗುವ ಮೊದಲೇ ಬಂದ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು ಸಾಮಾನ್ಯ ಆಸ್ಪತ್ರೆಗಳಲ್ಲೇ, ಕೆಮ್ಮಿಕೊಂಡು ಬಂದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂದು ಗೊತ್ತುಮಾಡಿದ್ದರ ಹಿಂದೆ ತುಮಕೂರಿನ ಈ ಕೆಮ್ಮು ಇದೆ.

ಅದೇ ಹೊತ್ತಿಗೆ ಮದರಾಸಿನ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದ ಸುತ್ತ ಇನ್ನೊಂದು ಬೆರಗು ನಡೆಯುತ್ತಿತ್ತು. ಡೆನಿಸ್ ಮಿಚಿಸನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ದಕ್ಷಿಣ ಭಾರತದ ರೋಗಿಗಳ ಬ್ಯಾಕ್ಟೀರಿಯಾವನ್ನೂ ಬ್ರಿಟಿಷ್ ರೋಗಿಗಳದನ್ನೂ ಗಿನಿಪಿಗ್‌ಗಳಿಗೆ ಚುಚ್ಚಿ ನೋಡಿದರು. ಬ್ರಿಟಿಷರದು ಉಗ್ರ. ನಮ್ಮವುಗಳಲ್ಲಿ ಅನೇಕವು ಸೌಮ್ಯ. ನಮ್ಮವು ಹೈಡ್ರೋಜನ್ ಪೆರಾಕ್ಸೈಡಿಗೂ ಬೇಗ ಸಾಯುತ್ತಿದ್ದವು. ಗಾಯಕ್ಕೆ ಹಾಕಿದರೆ ಬುರುಬುರು ನೊರೆ ಏಳುತ್ತದಲ್ಲ, ಅದೇ ದ್ರವ. ನಮ್ಮ ರಕ್ತದ ಕಾವಲು ಕಣಗಳು ಬ್ಯಾಕ್ಟೀರಿಯಾವನ್ನು ನುಂಗಿದ ಮೇಲೆ ಅದರ ಮೇಲೆ ಎರಚುವ ಅಸ್ತ್ರಗಳಲ್ಲೂ ಅದೊಂದು. ಹೀಗೇಕೆ ಎಂಬುದಕ್ಕೆ 1960ರಲ್ಲಿ ಯಾರ ಬಳಿಯೂ ಜವಾಬಿರಲಿಲ್ಲ. ಡಿಎನ್‌ಎ ಓದುವ ವಿದ್ಯೆಯೇ ಹುಟ್ಟಿರಲಿಲ್ಲ.

ಆ ವಿದ್ಯೆ ಕ್ಷಯದ ಬಾಗಿಲಿಗೆ ಬಂದದ್ದು 1998ರಲ್ಲಿ. ಕ್ಷಯದ ಬ್ಯಾಕ್ಟೀರಿಯಾದ 44 ಲಕ್ಷ ಅಕ್ಷರಗಳ ಜೀನೋಮ್ ಪೂರ್ತಿ ಅಚ್ಚಾಯಿತು. ನಾಲ್ಕು ವರ್ಷದ ಮೇಲೆ ಒಂದು ಗುಟ್ಟು ಹೊರಬಿತ್ತು. ಯುರೋಪು, ಚೀನಾ, ಉತ್ತರ ಭಾರತಗಳಲ್ಲಿ ಹಬ್ಬಿರುವ ‘ಆಧುನಿಕ’ ಕವಲುಗಳು ಟಿಬಿಡಿ1 ಎಂಬ ಒಂದು ತುಣುಕನ್ನು ಯಾವಾಗಲೋ ಕಳೆದುಕೊಂಡಿದ್ದವು. ದಕ್ಷಿಣ ಭಾರತದಲ್ಲಿ ಹೆಚ್ಚು ಸಿಗುವ, ಹಿಂದೂ ಮಹಾಸಾಗರದ ಸುತ್ತ ನೆಲೆಸಿರುವ ಒಂದನೇ ಕವಲಿನಲ್ಲಿ ಆ ತುಣುಕು ಇನ್ನೂ ಹಾಗೇ ಇದೆ. 2020ರಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, ಆ ತುಣುಕು ಕಳೆದುಕೊಂಡ ಬ್ಯಾಕ್ಟೀರಿಯಾ ಪೆರಾಕ್ಸೈಡಿನಂಥ ಏಟನ್ನು ಹೆಚ್ಚು ತಾಳುತ್ತದೆ. ಗಿನಿಪಿಗ್‌ಗಳು ಕೇಳಿದ ಪ್ರಶ್ನೆಗೆ ಅರವತ್ತು ವರ್ಷದ ನಂತರ ಬಂದ ಉತ್ತರ!

ಸೌಮ್ಯ ಎಂಬ ಮಾತಿಗೆ ಮರುಳಾಗಬೇಡಿ. 1960ರ ದಶಕದಲ್ಲಿ ಬೆಂಗಳೂರಿನ ಕ್ಷಯರೋಗ ಸಂಸ್ಥೆ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳ ಹಿಂದೆ ಐದು ವರ್ಷ ಬಿದ್ದಿತ್ತು. ಅಷ್ಟರಲ್ಲಿ ಅವರಲ್ಲಿ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು.

ಈ ಬ್ಯಾಕ್ಟೀರಿಯಾಕ್ಕೆ ಅವಸರವೆಂಬುದೇ ಇಲ್ಲ. ಹೊಟ್ಟೆಯ ಇ-ಕೋಲಿ 20 ನಿಮಿಷಕ್ಕೆ ಎರಡಾದರೆ ಇದಕ್ಕೆ ಸುಮಾರು ಒಂದು ದಿನ ಬೇಕು. ಕಫದಲ್ಲೇ ಇರುವ ನ್ಯೂಮೋಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ನೆರೆಹೊರೆಯವರಿಂದ ಜೀನುಗಳನ್ನು ಕಡ ತರುತ್ತದೆ. ಕ್ಷಯದ್ದು ಹಾಗಲ್ಲ, ಯಾರಿಂದಲೂ ಏನನ್ನೂ ಪಡೆಯದ ಒಂಟಿ ವಂಶ. ಎರಡು ವರ್ಷಕ್ಕೆ ಒಂದಕ್ಷರ ಬದಲಾದರೆ ಹೆಚ್ಚು. ಮನುಷ್ಯನ ಎದೆಯೊಳಗೆ ಒಂದು ಗಂಟು ಕಟ್ಟಿಸಿಕೊಂಡು ವರ್ಷಾನುಗಟ್ಟಲೆ ಕೂರುತ್ತದೆ. ಅಟ್ಟದ ಕಾಯಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೊರಗೆ ಅದೇ ಸಿಪ್ಪೆ, ಅದೇ ಬಣ್ಣ; ಒಳಗೆ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನುವವರೆಗೆ ಯಾರಿಗೂ ಸುಳಿವಿಲ್ಲ. ಕಾಯಿಗಾದರೆ ಒಂದು ವರ್ಷ. ಇದಕ್ಕೆ ನಲವತ್ತೂ ಆಗಬಹುದು.

ಇದರ ವಯಸ್ಸಿನ ಬಗ್ಗೆ ವಿದ್ವಾಂಸರ ಜಗಳವೊಂದು ನಡೆದಿದೆ, ನನಗೆ ಬಹಳ ಇಷ್ಟವಾದದ್ದು. 2013ರಲ್ಲಿ ಒಂದು ತಂಡ, ಮನುಷ್ಯ ಆಫ್ರಿಕಾ ಬಿಟ್ಟಾಗಲೇ ಇದು ಅವನ ಎದೆಯಲ್ಲಿತ್ತು, 70,000 ವರ್ಷ ಆಯಿತು ಎಂದಿತು. ಮರುವರ್ಷ ಇನ್ನೊಂದು ತಂಡ ಪೆರುವಿನ ಸಾವಿರ ವರ್ಷದ ಅಸ್ಥಿಪಂಜರಗಳಿಂದ ಬ್ಯಾಕ್ಟೀರಿಯಾದ ಡಿಎನ್‌ಎ ಕೆರೆದು ತೆಗೆದು, ಆರು ಸಾವಿರಕ್ಕಿಂತ ಹೆಚ್ಚಾಗಿಲ್ಲ ಎಂದು ಸಾಧಿಸಿತು. ಆ ಪೆರುವಿನವರಿಗೆ ಕ್ಷಯ ಹತ್ತಿಸಿದ್ದು ಮನುಷ್ಯನಲ್ಲ, ಕಡಲಸಿಂಹ, ಸೀಲ್‌ಗಳಂತೆ! ಹೆಚ್ಚಿನವರು ಈಗ ಎರಡನೆಯ ಲೆಕ್ಕದ ಕಡೆ ವಾಲಿದ್ದಾರೆ. ಅಂದರೆ ಕ್ಷಯ ಬೇಸಾಯಕ್ಕಿಂತಲೂ ಕಿರಿಯದು.

ಇಷ್ಟು ಸಾವಧಾನದ ಜೀವಿಗೆ ಅವಸರ ಕಲಿಸಿದವರು ನಾವು. ಐಸೋನಿಯಾಜಿಡ್ ಮಾತ್ರೆ ಬಳಕೆಗೆ ಬಂದದ್ದು 1952ರಲ್ಲಿ. ಅದು ತಾನಾಗಿ ವಿಷವಲ್ಲ. ಪೆರಾಕ್ಸೈಡ್ ಒಡೆಯಲೆಂದು ಬ್ಯಾಕ್ಟೀರಿಯಾ ಇಟ್ಟುಕೊಂಡಿರುವ ಕ್ಯಾಟ್‌ಜಿ ಎಂಬ ಕಿಣ್ವವೇ ಅದನ್ನು ವಿಷವಾಗಿ ತಿರುಗಿಸುತ್ತದೆ. ಕಿಣ್ವವನ್ನೇ ಕೆಡಿಸಿಕೊಂಡರೆ ಮಾತ್ರೆಯಿಂದ ಪಾರು, ಆದರೆ ಪೆರಾಕ್ಸೈಡಿಗೆ ಬಲಿ. ಬ್ಯಾಕ್ಟೀರಿಯಾ ಸಂದಿಯಲ್ಲೊಂದು ದಾರಿ ಹುಡುಕಿತು. ಕಿಣ್ವದ 315ನೇ ಕೊಂಡಿಯಲ್ಲಿ ಒಂದೇ ಅಕ್ಷರದ ತಿದ್ದುಪಡಿ. ಪೆರಾಕ್ಸೈಡ್ ಒಡೆಯುವ ಕೆಲಸ ಬಹುಪಾಲು ಉಳಿಯಿತು, ಮಾತ್ರೆ ಮಾತ್ರ ವಿಷವಾಗದೇ ಹೋಯಿತು. ಜಗತ್ತಿನ ನಾನಾ ದೇಶಗಳ ಜೀನೋಮ್‌ಗಳನ್ನು ಜೋಡಿಸಿ ನೋಡಿದರೆ, ಹಲವು ಮದ್ದಿಗೆ ಬಗ್ಗದ ಕ್ಷಯದಲ್ಲಿ ಸಾಮಾನ್ಯವಾಗಿ ಮೊದಲು ಬಿದ್ದ ಬಿರುಕು ಇದೇ. ರಿಫಾಂಪಿಸಿನ್ ಎಂಬ ಇನ್ನೊಂದು ಮದ್ದಿನದು ಆಮೇಲೆ. ಜ್ವರ ಇಳಿಯಿತು, ಕೆಮ್ಮು ನಿಂತಿತು ಎಂದು ಎರಡು ತಿಂಗಳಿಗೇ ಮಾತ್ರೆ ಬಿಟ್ಟ ಎದೆಗಳಲ್ಲಿ ಇಂಥ ಬಿರುಕಿಗೆ ಜಾಗ ಸಿಕ್ಕಿತು.

ಈಗ ಕೆಂಪು ನೀರಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಕೊಟ್ಟರೆ ಸಿಬಿನ್ಯಾಟ್ ಯಂತ್ರ ಎರಡು ಗಂಟೆಯಲ್ಲಿ ಹೇಳುತ್ತದೆ, ಕ್ಷಯ ಇದೆಯೋ ಇಲ್ಲವೋ, ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ. ಅದಕ್ಕಾಗಿ ಅದು 44 ಲಕ್ಷ ಅಕ್ಷರಗಳಲ್ಲಿ 81ನ್ನು ಮಾತ್ರ ನೋಡುತ್ತದೆ. ಮೊದಲು ಬಿರುಕು ಬಿಡುವ 315 ಆ 81ರಲ್ಲಿಲ್ಲ. ಅದನ್ನು ನೋಡಲು ಕಫ ದೊಡ್ಡ ಪ್ರಯೋಗಾಲಯಕ್ಕೆ ಹೋಗಿ ಬರಬೇಕು. ಅಷ್ಟರಲ್ಲಿ ರೋಗಿ ಮಾತ್ರೆ ಶುರುಮಾಡಿರುತ್ತಾನೆ, ಅದರಲ್ಲಿ ಐಸೋನಿಯಾಜಿಡ್ ಕೂಡ ಇರುತ್ತದೆ.