ವೈ-ಫೈ ಪೆಟ್ಟಿಗೆ: ಕೂಗು ಎಷ್ಟು, ನಿದ್ದೆ ಎಷ್ಟು?



1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಆರಂಭಿಸಿದರು. ಬಾನುಲಿ ಕೇಂದ್ರ ಆಗಾಗ ತನ್ನ ಹೆಸರು ಹೇಳುತ್ತಿರಬೇಕು. ಇಲ್ಲವಾದರೆ ಕೇಳುಗನಿಗೆ ಅದರ ಗುರುತು ಸಿಗದು. ಇಂದು ನಿಮ್ಮ ಮನೆಯ ವೈ-ಫೈ ಪೆಟ್ಟಿಗೆಯೂ ಒಂದು ಪುಟ್ಟ ಬಾನುಲಿ ಕೇಂದ್ರವೇ. ಅದೂ ತನ್ನ ಹೆಸರನ್ನು ಸಾರುತ್ತದೆ, ಸೆಕೆಂಡಿಗೆ ಸುಮಾರು ಹತ್ತು ಸಲ! ಈ ಕೂಗಿಗೆ ‘ಬೀಕನ್’ ಎಂದು ಹೆಸರು.

ಬೀಕನ್ನಿನಲ್ಲಿ ಹೆಸರಷ್ಟೇ ಅಲ್ಲ, ಒಂದು ಪಟ್ಟಿಯೂ ಇರುತ್ತದೆ. ಬ್ಯಾಟರಿ ಉಳಿಸಲು ನಿಮ್ಮ ಫೋನು ತನ್ನ ವೈ-ಫೈ ಭಾಗವನ್ನು ಮಲಗಿಸಿರುತ್ತದೆ. ಆಗ ಬಂದ ಸಂದೇಶವನ್ನು ಪೆಟ್ಟಿಗೆ ತೆಗೆದಿರಿಸಿಕೊಂಡು, ‘ಇಂಥವರಿಗೆ ಟಪಾಲು ಬಂದಿದೆ’ ಎಂದು ಪಟ್ಟಿಯಲ್ಲಿ ಸೂಚಿಸುತ್ತದೆ. ಫೋನು ಕ್ಷಣಕಾಲ ಎದ್ದು, ತನ್ನ ಸರದಿ ಇದ್ದರೆ ಸಂದೇಶ ಕೇಳಿ ಪಡೆಯುತ್ತದೆ; ಇಲ್ಲದಿದ್ದರೆ ಮತ್ತೆ ಮಲಗುತ್ತದೆ.

ಇಲ್ಲಿ ಎರಡು ಅಂಕಿಗಳು ಮುಖ್ಯ. ಮೊದಲನೆಯದು ‘ಬೀಕನ್ ಇಂಟರ್ವಲ್’, ಅಂದರೆ ಎರಡು ಕೂಗುಗಳ ನಡುವಿನ ಅಂತರ. ಸಾಮಾನ್ಯವಾಗಿ ಇದು 100 ಇರುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗ ಎನ್ನಬಹುದು. ಎರಡನೆಯದು ‘ಡಿಟಿಐಎಂ’. ಎಲ್ಲರಿಗೂ ಸೇರಿದ ಸಂದೇಶಗಳನ್ನು ಎಷ್ಟನೆಯ ಕೂಗಿಗೊಮ್ಮೆ ಹಂಚಬೇಕೆಂದು ಇದು ಹೇಳುತ್ತದೆ. ಅನೇಕ ಫೋನುಗಳು ಈ ಕೂಗಿಗೆ ಮಾತ್ರ ಏಳುತ್ತವೆ. ಅದು 1 ಆದರೆ ಪ್ರತಿ ಕೂಗಿಗೂ ಎಚ್ಚರ. 3 ಆದರೆ ಮೂರಕ್ಕೊಮ್ಮೆ, ಬ್ಯಾಟರಿ ಉಳಿತಾಯ ಹೆಚ್ಚು.

ಹಾಗಾದರೆ ಎರಡನ್ನೂ ಏರಿಸಿಬಿಡೋಣವೇ? ಬೇಡ. ಅಂತರ 1000, ಡಿಟಿಐಎಂ 10 ಎಂದು ಇಟ್ಟರೆ ಫೋನು ಹತ್ತು ಸೆಕೆಂಡಿನವರೆಗೆ ಮಲಗಿರಬಹುದು. ಸರಸ್ವತೀಪುರಂನ ಮನೆಗೆ ಅಮೆರಿಕದಿಂದ ಮಗಳು ವಾಟ್ಸಾಪ್ ಕರೆ ಮಾಡಿದರೆ, ತಾಯಿಯ ಫೋನು ರಿಂಗಾಗುವ ಹೊತ್ತಿಗೆ ಮಗಳು ಬೇಸತ್ತು ಕರೆ ಮುಗಿಸಿರಬಹುದು. ಇತ್ತ ಅಂತರವನ್ನು ತೀರಾ ಇಳಿಸಿದರೆ ಕೂಗಿನ ಗದ್ದಲದಲ್ಲೇ ಗಾಳಿಯ ಹಾದಿ ತುಂಬುತ್ತದೆ. ಅತಿಥಿಗಳಿಗೆಂದು ಇನ್ನೊಂದು ವೈ-ಫೈ ಹೆಸರಿಟ್ಟರೆ ಅದಕ್ಕೂ ಬೇರೆ ಕೂಗು. ಬಳಸದ ಹೆಸರುಗಳನ್ನು ತೆಗೆಯುವುದು ಲೇಸು.

ನೀವು ಮಾಡಬೇಕಾದದ್ದಿಷ್ಟು. ಪೆಟ್ಟಿಗೆಯ ಹಿಂಬದಿಯ ಚೀಟಿಯಲ್ಲಿರುವ ವಿಳಾಸ, ಗುಪ್ತಪದ ಬಳಸಿ ಅದರ ಪುಟ ತೆರೆಯಿರಿ. ಹಳೆಯ ಅಂಕಿಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅಂತರವನ್ನು 100ಕ್ಕೇ ಬಿಡಿ. ಡಿಟಿಐಎಂ 1ರಿಂದ 3ರೊಳಗೆ ಇರಲಿ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ. ಆಮೇಲೆ ಫೋನಿನ ಪರದೆ ಆರಿಸಿ, ಹತ್ತು ನಿಮಿಷ ಬಿಟ್ಟು, ಬೇರೆ ಫೋನಿನಿಂದ ವಾಟ್ಸಾಪ್ ಕರೆ ಮಾಡಿ ನೋಡಿ.

ಆಗಲೂ ತಡವಾಗಿ ರಿಂಗಾದರೆ ಪೆಟ್ಟಿಗೆಯನ್ನು ದೂರಬೇಡಿ. ಫೋನಿನೊಳಗಿನ ‘ಬ್ಯಾಟರಿ ಸೇವರ್’ ವಾಟ್ಸಾಪನ್ನು ತಡೆದಿರಬಹುದು; ಅದಕ್ಕೆ ವಿನಾಯಿತಿ ಕೊಡಿ. ಉಳಿಸಿದ ಬ್ಯಾಟರಿಗಿಂತ ತಪ್ಪದೆ ತಲುಪಿದ ಕರೆ ದೊಡ್ಡದಲ್ಲವೇ?