ಹಳೆಯ ಸ್ಟೇಷನ್ ವ್ಯಾಗನ್: ಬಣ್ಣಕ್ಕೆ ಮೊದಲು ಲೆಕ್ಕ

ಅಂಬಾಸಿಡರ್ ಎಸ್ಟೇಟ್‌ನಂತಹ ಹಳೆಯ ಸ್ಟೇಷನ್ ವ್ಯಾಗನ್ ಕೊಂಡು ನವೀಕರಿಸಬಯಸುವ ವರ್ತಕರು ಮೂರು ಲೆಕ್ಕಗಳನ್ನು ಮೊದಲೇ ಹಾಕಿಕೊಳ್ಳುವುದು ಉಚಿತ.

ಮೊದಲನೆಯದು ಬಿಡಿಭಾಗಗಳದು. ಎಂಜಿನ್, ಗೇರ್‌ಬಾಕ್ಸ್ ಹಾಗೂ ಮುಂಭಾಗದ ತಗಡುಗಳಿಗೆ ಸಾಮಾನ್ಯ ಅಂಬಾಸಿಡರ್‌ನ ಭಾಗಗಳು ಒದಗುತ್ತವೆ. ಹಿಂಬಾಗಿಲು, ಹಿಂಬದಿಯ ಪಕ್ಕದ ಗಾಜುಗಳು ವ್ಯಾಗನ್‌ಗೆ ಮಾತ್ರ ಸೇರಿದವು. ದೊರೆಯದಿದ್ದರೆ ಹೊಸದಾಗಿ ಮಾಡಿಸಬೇಕು. ಆದುದರಿಂದ ಎಂಜಿನ್ ಕೆಟ್ಟಿದ್ದರೂ ಹಿಂಭಾಗ ತುಕ್ಕು ಹಿಡಿಯದ ವಾಹನವೇ ಲೇಸು.

ಎರಡನೆಯದು ನೋಂದಣಿಯದು. ಕೇಂದ್ರ ಸರ್ಕಾರದ 2021ರ ನಿಯಮಗಳಂತೆ, ಪ್ರಥಮ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ಖಾಸಗಿ ವಾಹನ ಮಾತ್ರ ‘ವಿಂಟೇಜ್’ ಎನಿಸುತ್ತದೆ. ಆ ನಿಯಮಗಳು ಹೊಸ ನೋಂದಣಿಗೆ 20,000 ರೂ. ಶುಲ್ಕ ಹಾಗೂ 10 ವರ್ಷಗಳ ಮಾನ್ಯತೆಯನ್ನು ನಿಗದಿಪಡಿಸಿದವು. ಹಳೆಯ ಎಂಜಿನ್ ತೆಗೆದು ಆಧುನಿಕ ಡೀಸೆಲ್ ಎಂಜಿನ್ ಕೂರಿಸಿದರೆ ಈ ಅರ್ಹತೆಗೇ ಧಕ್ಕೆ.

ಮೂರನೆಯದು ತೆರಿಗೆಯದು. ವಿಂಟೇಜ್ ವಾಹನವನ್ನು ನಿತ್ಯದ ಓಡಾಟಕ್ಕಾಗಲೀ ವಾಣಿಜ್ಯಕ್ಕಾಗಲೀ ಬಳಸುವಂತಿಲ್ಲ. ಅಂಗಡಿಯ ಸರಕು ಹೊರದ ವಾಹನಕ್ಕೆ ಸವಕಳಿ ಕೇಳಲು ಆಧಾರವಿಲ್ಲ. ಅದರ ವೆಚ್ಚ ಮಾಲೀಕರ ಡ್ರಾಯಿಂಗ್ಸ್ ಖಾತೆಗೇ ಸೇರತಕ್ಕದ್ದು.

ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ನೋಂದಣಿ ಪತ್ರದೊಡನೆ ತಾಳೆ ನೋಡಿದ ಬಳಿಕವೇ ಮುಂಗಡ ಕೊಡುವುದು ಕ್ಷೇಮ. ಹವ್ಯಾಸಕ್ಕೂ ಬಜೆಟ್ ಬೇಕು.