ವೈಮ್ಯಾಕ್ಸ್, ಎಲ್‌ಟಿಇ ಮತ್ತು ಹಳೇ ಸುದ್ದಿಗಳು

2007ರಿಂದ 2010ರವರೆಗಿನ ಸುದ್ದಿಗಳನ್ನು ಈಗ ತೆಗೆದು ಓದಿದರೆ ಮೊಬೈಲ್ ಇಂಟರ್‌ನೆಟ್ಟಿನ ಮುಂದಿನ ದಿನಗಳೆಲ್ಲ ವೈಮ್ಯಾಕ್ಸ್ ಎಂಬ ನಿಸ್ತಂತು ತಂತ್ರಜ್ಞಾನದವೇ ಅನ್ನಿಸುತ್ತದೆ. ಆಗ ಹುಟ್ಟಿದ ಕೆಲವು ನಂಬಿಕೆಗಳು ಇಂದಿಗೂ ಲೇಖನದಿಂದ ಲೇಖನಕ್ಕೆ ದಾಟುತ್ತಿವೆ.

ತಪ್ಪು ಕಲ್ಪನೆ: ಮೊದಲು ಬಂದವರೇ ಗೆಲ್ಲುತ್ತಾರೆ.
ವಾಸ್ತವ: ಮೊದಲು ಬಂದದ್ದು ವೈಮ್ಯಾಕ್ಸೇ. ಕೊರಿಯಾದಲ್ಲಿ ಅದರದೇ ಬಳಗದ ವೈಬ್ರೋ 2006ರಲ್ಲಿ ಶುರುವಾಗಿತ್ತು. ಅಮೆರಿಕದ ಸ್ಪ್ರಿಂಟ್ 2008ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇವೆ ತೆರೆಯಿತು. ವೈಮ್ಯಾಕ್ಸ್‌ನ ಪ್ರತಿಸ್ಪರ್ಧಿಯಾದ ಎಲ್‌ಟಿಇ ಗ್ರಾಹಕರಿಗೆ ಸಿಕ್ಕಿದ್ದು 2009ರ ಡಿಸೆಂಬರ್‌ನಲ್ಲಿ, ಸ್ಟಾಕ್‌ಹೋಮ್ ಮತ್ತು ಓಸ್ಲೋದಲ್ಲಿ. ವರದಿಗಾರರು ಈ ತಾರೀಖುಗಳನ್ನು ಎಣಿಸಿದರು. ಎಣಿಸಬೇಕಿದ್ದದ್ದು ಆಗಲೇ ಬಳಕೆಯಲ್ಲಿದ್ದ ಜಿಎಸ್‌ಎಂ ಮೊಬೈಲ್ ಜಾಲಗಳ ಸಿಮ್‌ಗಳನ್ನು. ಕೋಟಿಗಟ್ಟಲೆ ಜಿಎಸ್‌ಎಂ ಗ್ರಾಹಕರಿದ್ದ ಕಂಪನಿಗಳಿಗೆ ಎಲ್‌ಟಿಇ ಅಂದರೆ ಇದ್ದ ಮನೆಯ ಮೇಲೆ ಇನ್ನೊಂದು ಮಹಡಿ. ವೈಮ್ಯಾಕ್ಸ್ ಅಂದರೆ ಬೇರೆ ಸೈಟಿನಲ್ಲಿ ಹೊಸ ಮನೆ. ಜಿಎಸ್‌ಎಂನ ಎದುರಾಳಿ ಸಿಡಿಎಂಎ ಕಡೆಯ ಅಮೆರಿಕದ ವೆರಿಝಾನ್ ಕೂಡ 2007ರಲ್ಲೇ ಎಲ್‌ಟಿಇ ಆರಿಸಿಕೊಂಡಿತು. ನನ್ನ ಮಟ್ಟಿಗೆ ಸ್ಪರ್ಧೆ ತೀರ್ಮಾನವಾದದ್ದು ಅಲ್ಲೇ. ಆಮೇಲೆ ಸ್ಪ್ರಿಂಟ್ ಕೂಡ ಅದೇ ದಾರಿ ಹಿಡಿಯಿತು.

ತಪ್ಪು ಕಲ್ಪನೆ: ವೈಮ್ಯಾಕ್ಸ್ 50 ಕಿಲೋಮೀಟರ್ ದೂರಕ್ಕೆ 70 ಎಂಬಿಪಿಎಸ್ ಕೊಡುತ್ತಿತ್ತು.
ವಾಸ್ತವ: ಎರಡೂ ಅಂಕಿ ಬೇರೆಬೇರೆಯಾಗಿ ಸುಳ್ಳಲ್ಲ, ಒಟ್ಟಿಗೆ ಹೇಳಿದಾಗ ಸುಳ್ಳು. ಆ ವೇಗ ಟವರಿನ ಬುಡದಲ್ಲಿದ್ದವರಿಗೆ, ಅದೂ ಅಲ್ಲಿರುವ ಎಲ್ಲರೂ ಹಂಚಿಕೊಂಡು. ಆ ದೂರ ನಡುವೆ ಅಡ್ಡಿಯೇ ಇಲ್ಲದ ಬಯಲಿಗೆ. (5ಜಿ ಜಾಹೀರಾತು ಓದುವಾಗಲೂ ಈ ಲೆಕ್ಕ ನೆನಪಿರಲಿ.)

ತಪ್ಪು ಕಲ್ಪನೆ: ಭಾರತದ 2010ರ ಬ್ರಾಡ್‌ಬ್ಯಾಂಡ್ ಹರಾಜು ವೈಮ್ಯಾಕ್ಸ್‌ಗೆಂದೇ ನಡೆದದ್ದು.
ವಾಸ್ತವ: ಸರ್ಕಾರ ಮಾರಿದ್ದು 2300 ಮೆಗಾಹರ್ಟ್ಸ್ ಸುತ್ತಿನ ತರಂಗಾಂತರವನ್ನು, ತಂತ್ರಜ್ಞಾನವನ್ನಲ್ಲ. ಕಳಿಸಲು ಒಂದು, ಪಡೆಯಲು ಒಂದು ಎಂಬ ಜೋಡಿ ಅಲ್ಲಿರಲಿಲ್ಲ. ಒಂದೇ ತರಂಗಾಂತರವನ್ನು ಸಮಯ ಹಂಚಿಕೊಂಡು ಬಳಸಬೇಕು. ಅದು ವೈಮ್ಯಾಕ್ಸ್‌ನ ಹೊಲವೆಂದೇ ಹಲವರ ಅಂದಾಜು. ಅಷ್ಟರಲ್ಲಿ ಚೈನಾ ಮೊಬೈಲ್ ಬೆನ್ನಿಗೆ ನಿಂತ ಟಿಡಿ-ಎಲ್‌ಟಿಇ, ಅಂದರೆ ಎಲ್‌ಟಿಇಯ ಸಮಯ ಹಂಚಿಕೊಳ್ಳುವ ರೂಪ, ಆ ಹೊಲಕ್ಕೂ ಇಳಿದಿತ್ತು. ಏರ್‌ಟೆಲ್ 2012ರಲ್ಲಿ ಕೋಲ್ಕತ್ತದಲ್ಲಿ, ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಶುರುಮಾಡಿದ್ದು ಅದನ್ನೇ. ಆಗ ಅದು ಫೋನಿಗಲ್ಲ, ಡಾಂಗಲ್‌ಗೆ. ಆ ಹರಾಜಿನ ದೇಶವ್ಯಾಪಿ ಪಾಲು ಹಿಡಿದಿದ್ದ ಜಿಯೋ 2016ರಲ್ಲಿ ಪೂರಾ ಎಲ್‌ಟಿಇ ಜಾಲದೊಂದಿಗೇ ಬಂತು.

ತಪ್ಪು ಕಲ್ಪನೆ: ವೈಮ್ಯಾಕ್ಸ್ ಕಳಪೆ ತಂತ್ರಜ್ಞಾನ, ಅದಕ್ಕೇ ಸತ್ತಿತು.
ವಾಸ್ತವ: ಟವರಿನಿಂದ ಫೋನಿನ ಕಡೆಗೆ ವೈಮ್ಯಾಕ್ಸ್, ಎಲ್‌ಟಿಇ ಎರಡೂ ಬಳಸುತ್ತಿದ್ದದ್ದು ಒಎಫ್‌ಡಿಎಂಎ ಎಂಬ ಒಂದೇ ವಿಧಾನ, ಹಲವು ಆಂಟೆನಾಗಳ ಉಪಾಯವೂ ಎರಡರಲ್ಲಿತ್ತು. ಪೂರ್ತಿ ಸತ್ತೂ ಇಲ್ಲ. ವಿಮಾನ ನಿಲ್ದಾಣದ ನೆಲದ ಮೇಲಿನ ಸಂಪರ್ಕಕ್ಕೆಂದು ರೂಪಿಸಿದ ಏರೋಮ್ಯಾಕ್ಸ್ ನಿಂತಿರುವುದು ಇದೇ ವೈಮ್ಯಾಕ್ಸ್ ಸ್ಟ್ಯಾಂಡರ್ಡಿನ ಮೇಲೆ.